ಶಿರಸಿಯಲ್ಲಿ ಗಟ್ಟಿ, ಕಾರವಾರದಲ್ಲಿ ನೀರು

ಪ್ರಶ್ನೆ: ಏಳನೇ ತರಗತಿ ಮಕ್ಕಳಿಗೆ ಘನ, ದ್ರವ ಅಂದರೆ ಬರೀ ಮಂಜುಗಡ್ಡೆ, ನೀರು. ಬೇರೇನು ತೋರಿಸಲಿ?
– ಶಿಕ್ಷಕಿ, ಕಾರವಾರ

ಉತ್ತರ: ಕೊಬ್ಬರಿ ಎಣ್ಣೆ ತೋರಿಸಿ, ಮೇಡಂ. ಅದು ಕರಗುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಾನು ಶಿರಸಿಯಲ್ಲಿ ಪಾಠ ಮಾಡುವಾಗ ಡಿಸೆಂಬರ್ ಬೆಳಿಗ್ಗೆ ಬಾಟಲಿ ತಲೆಕೆಳಗು ಮಾಡಿದರೂ ಹನಿ ಬೀಳುತ್ತಿರಲಿಲ್ಲ. ನಿಮ್ಮ ಸೆಕೆಗೆ ಫ್ರಿಜ್ಜೇ ಗತಿ!

ಗಟ್ಟಿ ಎಣ್ಣೆಯ ತುಂಡನ್ನು ಕರಗಿದ ಎಣ್ಣೆಗೆ ಹಾಕಿ. ಮುಳುಗುತ್ತದೆ. ಮಂಜುಗಡ್ಡೆ ನೀರಲ್ಲಿ ತೇಲುತ್ತದೆ, ಅಲ್ವಾ? ಎಣ್ಣೆ ಗಟ್ಟಿಯಾದಾಗ ಕುಗ್ಗುತ್ತದೆ, ಸಾಂದ್ರತೆ ಜಾಸ್ತಿಯಾಗುತ್ತದೆ. ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ. ಹೆಚ್ಚಿನ ವಸ್ತುಗಳು ಎಣ್ಣೆಯ ಕಡೆಯವು, ನೀರೇ ಹಟಮಾರಿ.

ಎಣ್ಣೆ ಮಾತ್ರ ಬಿಸಿ ಇರಬಾರದು. ಮೊದಲ ಸಲ ನಾನು ಒಲೆಯಿಂದ ಇಳಿಸಿದ್ದಕ್ಕೇ ಹಾಕಿದೆ. ತಳ ಮುಟ್ಟುವ ಮೊದಲೇ ಕರಗಿಹೋಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು.