ಒಂದೇ ಥರ ಕಾಣದ ಅವಳಿಗಳೂ ಬೇಕು

ತೀರ್ಥಹಳ್ಳಿಯಿಂದ ಕೇಳಿದ್ದೀರಿ: ಹತ್ತು ವರ್ಷದ ಅವಳಿ ಹೆಣ್ಣುಮಕ್ಕಳು, ನೋಡೋಕೆ ಬೇರೆ ಬೇರೆ. ಸಂಶೋಧನೆಗೆ ಕರೆದಿದ್ದಾರೆ, ಇವರಿಂದ ಉಪಯೋಗ ಉಂಟಾ ಅಂತ. ಖಂಡಿತ ಉಂಟು.

ತದ್ರೂಪಿ ಅವಳಿಗಳ ಜೀನ್‌ಗಳು ಹೆಚ್ಚುಕಮ್ಮಿ ಪೂರ್ತಿ ಒಂದೇ. ಉಳಿದ ಅವಳಿಗಳಲ್ಲಿ ಬೇರೆ ಅಕ್ಕತಂಗಿಯರ ಹಾಗೆ ಸರಾಸರಿ ಅರ್ಧದಷ್ಟು. ಆದರೆ ಇಬ್ಬರೂ ಬೆಳೆಯೋದು ಒಂದೇ ಮನೆಯಲ್ಲಿ. ಅದೇ ಊಟ, ಮಳೆಗಾಲದಲ್ಲಿ ಅದೇ ಬೂಷ್ಟು ಹಿಡಿದ ಗೋಡೆ. ಉಬ್ಬಸವನ್ನೇ ತಗೊಳ್ಳಿ. ತದ್ರೂಪಿ ಜೋಡಿಗಳಲ್ಲಿ ಇಬ್ಬರಿಗೂ ಬರೋದು ಜಾಸ್ತಿ, ಉಳಿದ ಜೋಡಿಗಳಲ್ಲಿ ಕಡಿಮೆ ಅಂದ್ರೆ ಜೀನ್ ಪಾತ್ರ ದೊಡ್ಡದು. ಎರಡೂ ಕಡೆ ಒಂದೇ ಪ್ರಮಾಣ ಅಂದ್ರೆ ಮನೆ, ಗಾಳಿ ಕಡೆ ನೋಡಬೇಕು. ಹೋಲಿಸೋಕೆ ನಿಮ್ಮ ಮಕ್ಕಳಂಥವರು ಇಲ್ಲದಿದ್ದರೆ ಈ ಲೆಕ್ಕ ನಡೆಯೋದೇ ಇಲ್ಲ, ಅಲ್ವಾ? (ಮುಖ ನೋಡಿ ಮಾತ್ರ ತೀರ್ಮಾನಿಸಬೇಡಿ. ಡಿಎನ್‌ಎ ಪರೀಕ್ಷೆಯಲ್ಲೇ ಖಚಿತ ಆಗೋದು.)

ಇಂಥ ಅಧ್ಯಯನ ಜಾಸ್ತಿ ನಡೆದಿರೋದು ಯುರೋಪು, ಅಮೆರಿಕದಲ್ಲಿ. ನಮ್ಮ ಮಲೆನಾಡಿನ ಮಳೆಯಲ್ಲಿ ಬೆಳೆದವರೂ ಅದರಲ್ಲಿ ಇರಬೇಕು ಅನ್ನೋದು ನನ್ನ ಆಸೆ.

ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ನಿಮ್ಮ ಸಹಿ ಒಂದೇ ಸಾಲದು, ಈ ವಯಸ್ಸಿನ ಮಕ್ಕಳ ಒಪ್ಪಿಗೆಯನ್ನೂ ಕೇಳಬೇಕು. ಒಬ್ಬಳು ಬೇಡ ಅಂದ್ರೆ ಒತ್ತಾಯ ಮಾಡಬೇಡಿ. ರಕ್ತ, ಜೊಲ್ಲಿನ ಮಾದರಿ ಎಷ್ಟು ವರ್ಷ ಇಡ್ತಾರೆ, ಹೆಸರು ಗುಟ್ಟಾಗಿ ಇಡ್ತಾರಾ, ಇದನ್ನೆಲ್ಲ ಬರಹದಲ್ಲಿ ತಗೊಳ್ಳಿ. ಮಧ್ಯದಲ್ಲಿ ಬೇಡ ಅನಿಸಿದ್ರೆ ಹೊರಗೆ ಬರೋ ಹಕ್ಕೂ ನಿಮಗಿದೆ.