ಮಗು ಗಾಜಿನ ಪೆಟ್ಟಿಗೆಯಲ್ಲಿ, ತಾಯಿ ಬಾಗಿಲ ಹೊರಗೆ

ಪ್ರಶ್ನೆ: ನನ್ನ ತಂಗಿಗೆ ಬಿ.ಪಿ. ಏರಿದ್ದರಿಂದ 31ನೇ ವಾರದಲ್ಲೇ ಸಿಸೇರಿಯನ್ ಮಾಡಬೇಕಾಯಿತು. ಹೆಣ್ಣು ಮಗು, ಹುಟ್ಟಿದಾಗ 1,350 ಗ್ರಾಂ. ಮಗು ಹನ್ನೆರಡು ದಿನಗಳಿಂದ ಎನ್‌ಐಸಿಯುನಲ್ಲಿದೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ), ಉಸಿರಾಟ ಈಗ ಸುಧಾರಿಸಿದೆ ಎಂದಿದ್ದಾರೆ. ತಂಗಿಯನ್ನು ಬಾಣಂತನಕ್ಕೆ ನಮ್ಮ ಮನೆಗೆ ಕರೆತಂದಿದ್ದೇವೆ. ಅವಳು ಅಳುವುದಿಲ್ಲ, ಮಾತೂ ಆಡುವುದಿಲ್ಲ. ಹಾಲು ಹಿಂಡಿ ಕೊಟ್ಟು ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ಬಾಣಂತಿ ಗಾಳಿಗೆ ಹೋಗಬಾರದೆಂದು ಅಮ್ಮ ಅವಳನ್ನು ಆಸ್ಪತ್ರೆಗೆ ಬಿಡುತ್ತಿಲ್ಲ. ನೋಡಲು ಬಂದ ಅವಳ ಅತ್ತೆ, ‘ಗ್ರಹಣದ ದಿನ ಹೊರಗೆ ಬಂದಿದ್ದಳಲ್ಲ’ ಎಂದು ಹೇಳಿಹೋದರು. ಅವಳು ಖಿನ್ನತೆಗೆ ಜಾರದಂತೆ ಮೊದಲೇ ಏನು ಮಾಡಬಹುದು?
– ಓದುಗರೊಬ್ಬರು, ಚಿತ್ರದುರ್ಗ ಜಿಲ್ಲೆ

ಉತ್ತರ: ಹೆರಿಗೆಯಾದ ಮೂರ್ನಾಲ್ಕನೇ ದಿನಕ್ಕೆ ಕಾರಣವಿಲ್ಲದೆ ಕಣ್ಣು ತುಂಬುವುದು, ಸಣ್ಣ ಮಾತಿಗೂ ಮನಸ್ಸು ಮುದುಡುವುದು ಬಹಳಷ್ಟು ಬಾಣಂತಿಯರಲ್ಲಿ ಇರುತ್ತದೆ. ಎರಡು ವಾರದೊಳಗೆ ಅದು ತಾನಾಗಿಯೇ ಹೋಗುತ್ತದೆ. ಖಿನ್ನತೆ ಹಾಗೆ ಹೋಗುವುದಿಲ್ಲ. ಭಾರತದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ನಮ್ಮಲ್ಲಿ ಶೇ 22ರಷ್ಟು ಬಾಣಂತಿಯರಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಮಗು ಅವಧಿಗೆ ಮುಂಚೆ ಹುಟ್ಟಿ ಎನ್‌ಐಸಿಯು ಸೇರಿದರೆ ಅಪಾಯ ಇನ್ನೂ ಹೆಚ್ಚು. ನಿಮ್ಮ ತಂಗಿಗೆ ಖಿನ್ನತೆಯೇ ಬಂದಿದೆ ಎಂದು ನೋಡದೆ ಹೇಳಲಾರೆ. ಆದರೆ ಅಳುವ ಬಾಣಂತಿಗಿಂತ, ಅಳದೆ ಗೋಡೆಗೆ ಮುಖ ಮಾಡಿ ಮಲಗುವ ಬಾಣಂತಿಯ ಬಗ್ಗೆಯೇ ನನಗೆ ಚಿಂತೆ ಹೆಚ್ಚು.

ಅವಳನ್ನು ಮಗುವಿನ ಹತ್ತಿರ ಕರೆದುಕೊಂಡು ಹೋಗಿ, ನಾಳೆಯೇ. ಉಳಿದದ್ದೆಲ್ಲ ಆಮೇಲೆ.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ದಿನವೂ ಎನ್‌ಐಸಿಯುಗೆ ಬಂದು, ಮಗುವನ್ನಿಟ್ಟ ಗಾಜಿನ ಪೆಟ್ಟಿಗೆಯಿಂದ (ಇನ್‌ಕ್ಯುಬೇಟರ್) ಎರಡು ಹೆಜ್ಜೆ ದೂರ ನಿಲ್ಲುತ್ತಿದ್ದರು. ಕಣ್ಣು ಮಗುವಿನ ಮೇಲೆ ಇರುತ್ತಿರಲಿಲ್ಲ, ಮಾನಿಟರಿನ ಆಮ್ಲಜನಕದ ಅಂಕಿಗಳ ಮೇಲೆ ನೆಟ್ಟಿರುತ್ತಿತ್ತು: 92, 94, 91. ಮುಟ್ಟಿದರೆ ಏನಾದರೂ ಆದೀತೆಂಬ ಭಯ. ಒಂದು ಮಧ್ಯಾಹ್ನ ನರ್ಸ್ ಅವರ ಕೈ ತೊಳೆಸಿ, ಕಿರುಬೆರಳನ್ನು ಮಗುವಿನ ಅಂಗೈಗೆ ತಾಗಿಸಿದರು. ಮಗು ಬೆರಳನ್ನು ಮಡಚಿ ಹಿಡಿದುಕೊಂಡಿತು. ‘ಇವನಿಗೆ ನಾನು ಯಾರೆಂದು ಗೊತ್ತೇ ಸಿಸ್ಟರ್?’ ಎಂದು ಕೇಳಿದ ಆ ತಾಯಿ, ಹೆರಿಗೆಯಾದ ಮೇಲೆ ಅಂದೇ ಮೊದಲ ಬಾರಿಗೆ ಅತ್ತರು. ಮರುದಿನದಿಂದ ಪೆಟ್ಟಿಗೆಗೆ ಒರಗಿ ನಿಲ್ಲತೊಡಗಿದರು.

ಮಗುವಿಗೆ ಬೇಕಾದದ್ದನ್ನೆಲ್ಲ ಯಂತ್ರಗಳೂ ನರ್ಸ್‌ಗಳೂ ಕೊಡುತ್ತಿರುವಾಗ ತಾಯಿಗೆ ತಾನು ಯಾರಿಗೂ ಬೇಡವಾದಂತೆ ಅನಿಸುತ್ತದೆ. ಅವಳ ಮಗುವನ್ನೇ ನೋಡಲು ಅವಳು ಸಮಯ ಕೇಳಿ ಬರಬೇಕಾಗುತ್ತದೆ. ಖಿನ್ನತೆ ಬೇರು ಬಿಡುವುದು ಅಲ್ಲಿ. ‘ಧೈರ್ಯವಾಗಿರು’ ಎಂದು ನೂರು ಬಾರಿ ಹೇಳಿದರೂ ಆ ಜಾಗ ತುಂಬುವುದಿಲ್ಲ, ಮಗುವಿನ ಆರೈಕೆಯಲ್ಲಿ ಅವಳ ಪಾಲನ್ನು ಅವಳಿಗೆ ಹಿಂದಿರುಗಿಸಿದರೆ ತುಂಬುತ್ತದೆ.

ಇದಕ್ಕೆ ನಮ್ಮ ಕೈಯಲ್ಲಿರುವ ಒಳ್ಳೆಯ ಉಪಾಯ ಕಾಂಗರೂ ಆರೈಕೆ. ಮಗುವಿಗೆ ಟೋಪಿ, ಕಾಲುಚೀಲ, ಡೈಪರ್ ಮಾತ್ರ ಹಾಕಿ, ತಾಯಿಯ ಬರಿ ಎದೆಗೆ ನೇರವಾಗಿ ಒರಗಿಸಿ, ಬಟ್ಟೆಯಿಂದ ಸುತ್ತಿ ಕಟ್ಟುವುದು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಇನ್‌ಕ್ಯುಬೇಟರ್‌ಗಳು ಸಾಲದೆ ಹೋದಾಗ ವೈದ್ಯರು ಶುರುಮಾಡಿದ ಪದ್ಧತಿ ಇದು. ಹುಟ್ಟಿದ ಕೂಡಲೇ ಆರಂಭಿಸಿ, ದಿನಕ್ಕೆ 8ರಿಂದ 24 ಗಂಟೆ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ವೆಂಟಿಲೇಟರ್ ಬೇಕಿರುವಂಥ ತೀರಾ ಗಂಭೀರ ಸ್ಥಿತಿಯ ಮಕ್ಕಳಿಗಷ್ಟೇ ವಿನಾಯಿತಿ. ನಮ್ಮ ಕೊಪ್ಪಳ ಜಿಲ್ಲೆಯ ಆಸ್ಪತ್ರೆಗಳಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಹರಿಯಾಣದಲ್ಲಿ ಕಡಿಮೆ ತೂಕದ ಮಕ್ಕಳ ತಾಯಂದಿರು ಮನೆಯಲ್ಲೇ ಹೀಗೆ ಆರೈಕೆ ಮಾಡಿದಾಗ, ಅವರಲ್ಲಿ ಖಿನ್ನತೆಯ ಲಕ್ಷಣಗಳೂ ಕಡಿಮೆಯಾದವು. ವಾರ್ಡಿನ ವೈದ್ಯರನ್ನು ನೇರವಾಗಿ ಕೇಳಿ: ‘ನಮ್ಮ ಹುಡುಗಿ ಕಾಂಗರೂ ಆರೈಕೆ ಯಾವಾಗ ಶುರುಮಾಡಬಹುದು?’ ಸರ್ಕಾರಿ ನವಜಾತ ಶಿಶು ಘಟಕಗಳಲ್ಲಿ ತಂದೆತಾಯಿಯನ್ನು ಆರೈಕೆಗೆ ಸೇರಿಸಿಕೊಳ್ಳಬೇಕೆಂಬ ಕೇಂದ್ರದ ಮಾರ್ಗಸೂಚಿ 2017ರಿಂದಲೂ ಇದೆ. ನಿಮ್ಮದು ಖಾಸಗಿ ಆಸ್ಪತ್ರೆಯಾದರೂ ಕೇಳಲು ಹಿಂಜರಿಯಬೇಡಿ.

ನಿಮ್ಮ ಅಮ್ಮನನ್ನು ಎದುರು ಹಾಕಿಕೊಳ್ಳಬೇಡಿ. ಅವರ ಕಾಳಜಿ ನಿಜವಾದದ್ದು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್, ಫ್ಲಾಸ್ಕಿನಲ್ಲಿ ಬಿಸಿನೀರು, ಡಬ್ಬಿಯಲ್ಲಿ ಬಾಣಂತಿ ಊಟ ಎಲ್ಲವೂ ಇರಲಿ, ಅಮ್ಮನೂ ಜೊತೆಗೆ ಬರಲಿ. ಬಾಣಂತಿ ಕೋಣೆಯ ಕಟ್ಟುಪಾಡುಗಳೆಲ್ಲ ಮಗು ತಾಯಿಯ ಮಗ್ಗುಲಲ್ಲಿ ಮಲಗಿರುವ ಕಾಲಕ್ಕೆ ಮಾಡಿದವು. ಮಗು ಬೇರೆ ಕಡೆ ಇರುವಾಗ ಅದೇ ಕೋಣೆ ಅವಳಿಗೆ ಸೆರೆಮನೆಯಾಗುತ್ತದೆ.

ಇನ್ನು ಗ್ರಹಣದ ಮಾತು. ಮಗು ಬೇಗ ಹುಟ್ಟಿದ್ದು ಗರ್ಭಿಣಿಯ ಬಿ.ಪಿ. ಏರಿದ್ದರಿಂದ. ಅದಕ್ಕೂ ಗ್ರಹಣಕ್ಕೂ, ಅವಳು ನಡೆದದ್ದಕ್ಕೂ ತಿಂದದ್ದಕ್ಕೂ ಸಂಬಂಧವೇ ಇಲ್ಲ. ಆದರೆ ಈ ಮಾತು ನಿಮ್ಮ ಬಾಯಿಂದ ಬಂದರೆ ಬರಿಯ ಸಮಾಧಾನದ ಮಾತಾಗಿಬಿಡುತ್ತದೆ. ಹೆರಿಗೆ ಮಾಡಿದ ವೈದ್ಯರಿಗೆ ಮೊದಲೇ ತಿಳಿಸಿ, ಅವಳ ಗಂಡ ಮತ್ತು ಅತ್ತೆ ಇಬ್ಬರೂ ಎದುರಿರುವಾಗ ಆ ವೈದ್ಯರಿಂದಲೇ ಹೇಳಿಸಿ: ‘ಇದು ನಿನ್ನ ತಪ್ಪಿನಿಂದ ಆದದ್ದಲ್ಲಮ್ಮ.’ ಈ ಒಂದು ವಾಕ್ಯಕ್ಕಾಗಿ ತಿಂಗಳುಗಟ್ಟಲೆ ಕಾದ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ಅಂದೇ ಅವಳ ಬಿ.ಪಿ.ಯನ್ನೂ ಅಳೆಸಿ. ಹೆರಿಗೆಯಾಯಿತೆಂದು ಅದು ಇಳಿದಿರಲೇಬೇಕೆಂದಿಲ್ಲ.

ಹಾಲು ಹಿಂಡುವುದು ದಿನಕ್ಕೆ ಎಂಟು ಬಾರಿ, ರಾತ್ರಿಯೂ ಸೇರಿ. ಇದು ಎಷ್ಟು ದಣಿಸುವ ಕೆಲಸವೆಂದು ಮನೆಯವರಿಗೆ ತಿಳಿಯುವುದಿಲ್ಲ. ಹಿಂಡುವುದಷ್ಟೇ ಅವಳದಾಗಲಿ. ಬಟ್ಟಲು ತೊಳೆದು ಕುದಿಸುವುದು, ಸಮಯ ಬರೆದಿಡುವುದು, ಆಸ್ಪತ್ರೆಗೆ ಒಯ್ಯುವುದು ಬೇರೆಯವರ ಪಾಲಿಗಿರಲಿ. ದಿನದಲ್ಲಿ ಒಂದು ಹೊತ್ತಾದರೂ ನಾಲ್ಕು ಗಂಟೆ ಯಾರೂ ಎಬ್ಬಿಸದ ನಿದ್ದೆ ಸಿಗಬೇಕು. ಮಗುವಿಗೆ ಒಳಲೆಯಿಂದ ಹಾಲು ಕುಡಿಸುವ ಹಂತ ಬಂದಾಗ ಒಳಲೆ ಅವಳ ಕೈಯಲ್ಲೇ ಇರಲಿ, ನರ್ಸ್ ಪಕ್ಕದಲ್ಲಿ ನಿಂತು ಕಲಿಸಲಿ.

ಹೆಸರಿಡುವ ಶಾಸ್ತ್ರ ಯಾವಾಗ ಬೇಕಾದರೂ ಆಗಲಿ, ಕರೆಯಲು ಒಂದು ಹೆಸರನ್ನು ಈಗಲೇ ಆರಿಸಿಕೊಳ್ಳಲಿ. ‘ಬೇಬಿ ಆಫ್’ ಎಂದು ಬರೆದ ಚೀಟಿ ಮಗುವಿನ ಹೆಸರಲ್ಲ.

ಅವಳಿಗೆ ಹೆರಿಗೆಯ ರಾತ್ರಿಯ ಕಥೆ ಹೇಳಬೇಕೆನಿಸಿದರೆ ಅಡ್ಡ ಬಾರದೆ ಕೇಳಿ. ‘ಅದನ್ನೆಲ್ಲ ಈಗ ಯಾಕೆ ನೆನೆಸಿಕೊಳ್ಳುತ್ತೀಯಾ’ ಎನ್ನಬೇಡಿ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವಧಿಪೂರ್ವ ಮಕ್ಕಳ ತಾಯಂದಿರಿಗೆ ಆರು ಭೇಟಿಗಳ ಆಪ್ತಸಮಾಲೋಚನೆ ಕೊಟ್ಟು ನೋಡಿದ್ದಾರೆ. ಆ ಆಘಾತವನ್ನು ಮಾತಿನಲ್ಲಿ ಬಿಡಿಸಿಡುವುದು ಅದರ ಮುಖ್ಯ ಭಾಗ. ಅವರ ಆಘಾತ, ಖಿನ್ನತೆ ಎರಡೂ ಇಳಿದವು.

ಬಾಣಂತಿಯರ ಖಿನ್ನತೆಯನ್ನು ಗುರುತಿಸಲು ಎಡಿನ್‌ಬರೋ ಮಾಪಕ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಕನ್ನಡದಲ್ಲೂ ಇದೆ. ಕಳೆದ ಏಳು ದಿನ ಮನಸ್ಸು ಹೇಗಿತ್ತೆಂದು ಅದು ಕೇಳುತ್ತದೆ. ಈಗೊಮ್ಮೆ, ಮಗು ಮನೆಗೆ ಬಂದ ಮೇಲೆ ಇನ್ನೊಮ್ಮೆ ಮಾಡಿಸಿ. ಮಗುವನ್ನು ಮುಟ್ಟಿದ ಮೇಲೂ, ನಿದ್ದೆ ಸಿಕ್ಕ ಮೇಲೂ ಅವಳು ಹೀಗೆಯೇ ಇದ್ದರೆ ಕಾಯದೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ‘ನಾನಿಲ್ಲದಿದ್ದರೆ ಮಗುವಿಗೆ ಒಳ್ಳೆಯದು’ ಎಂದರೆ, ಇಲ್ಲದ ದನಿ ಕೇಳಿಸುತ್ತಿದೆ ಎಂದರೆ, ಒಬ್ಬಳನ್ನೇ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತನಾಡಬಹುದು, ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ.

ಪ್ರಶ್ನೆ: ಒಂಬತ್ತು ವಾರ ಮುಂಚೆ ಹುಟ್ಟಿದ ನಮ್ಮ ಮಗನಿಗೆ ಈಗ ನಾಲ್ಕು ತಿಂಗಳು, ಆರೋಗ್ಯವಾಗಿದ್ದಾನೆ. ಆದರೆ ನನ್ನ ಹೆಂಡತಿ ರಾತ್ರಿಯಿಡೀ ಎದ್ದು ಕುಳಿತು ಅವನ ಉಸಿರು ನೋಡುತ್ತಾಳೆ, ಪಕ್ಕದ ಮನೆಯ ಮಗುವಿನಂತೆ ಕತ್ತು ನಿಂತಿಲ್ಲವೆಂದು ಕೊರಗುತ್ತಾಳೆ. ಮಾತ್ರೆ ಕೊಟ್ಟರೆ ಎದೆಹಾಲು ನಿಲ್ಲಿಸಬೇಕೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಾಮಾನ್ಯವಾಗಿ ಬೇಕಾಗಿಲ್ಲ. ಖಿನ್ನತೆಗೆ ಕೊಡುವ ಸರ್ಟ್ರಲಿನ್‌ನಂತಹ ಮಾತ್ರೆ ಎದೆಹಾಲಿಗೆ ಬಹಳ ಕಡಿಮೆ ಪ್ರಮಾಣದಲ್ಲಿ ಸೇರುತ್ತದೆ. ಮಗು ಬೇಗ ಹುಟ್ಟಿದೆ ಎಂಬುದನ್ನು ಮಾತ್ರ ಮನೋವೈದ್ಯರಿಗೆ ಹೇಳಿ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿ, ಅವುಗಳ ಏರುಪೇರು ಖಿನ್ನತೆಯಂತೆಯೇ ಕಾಣುತ್ತದೆ. ಮಗುವಿನ ಬೆಳವಣಿಗೆಯನ್ನು ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಎಣಿಸಬೇಕು. ಆ ಲೆಕ್ಕದಲ್ಲಿ ನಿಮ್ಮ ಮಗನಿಗೆ ಇನ್ನೂ ಎರಡು ತಿಂಗಳು, ಕತ್ತು ನಿಲ್ಲದಿರುವುದು ಸಹಜ. ರಾತ್ರಿ ಹತ್ತರಿಂದ ಎರಡರವರೆಗೆ ಉಸಿರು ನೋಡುವ ಪಾಳಿ ನಿಮ್ಮದಾಗಲಿ, ಅವರು ಬೇರೆ ಕೋಣೆಯಲ್ಲಿ ಮಲಗಲಿ. ಮಗುವಿನ ಮುಂದಿನ ತಪಾಸಣೆಗೆ ಹೋದಾಗ ಆಸ್ಪತ್ರೆಯ ಕೌಂಟರಿನಲ್ಲಿ ಎರಡು ಚೀಟಿ ಮಾಡಿಸಿ, ಒಂದು ಮಗುವಿಗೆ, ಒಂದು ನಿಮ್ಮ ಹೆಂಡತಿಗೆ.