ಎಂಪಿಎ ಓದಲು ಅಮೆರಿಕಕ್ಕೆ ಬಂದಿದ್ದೀರಾ? ಬಜೆಟ್ ಕೋರ್ಸ್ ಬಿಡಬೇಡಿ

ನಿಮ್ಮ ಪ್ರಶ್ನೆ ಓದಿದೆ. ಅಮೆರಿಕಕ್ಕೆ ಬಂದು ಮೂರು ವಾರ, ಕ್ಲಾಸ್ ಶುರುವಾಗಿ ಒಂದು ವಾರ. ಯುಪಿಎಸ್‌ಸಿಗೆ ಪಬ್ಲಿಕ್ ಅಡ್ಮಿನಿಸ್ಟ್ರೇಷನ್ ಓದಿದ್ದರಿಂದ ಎಂಪಿಎ, ಅಂದರೆ ಅದೇ ವಿಷಯದ ಮಾಸ್ಟರ್ಸ್ ಡಿಗ್ರಿ, ಸುಲಭ ಅಂದುಕೊಂಡಿದ್ದಿರಿ. ಈಗ ನೋಡಿದರೆ ಕ್ಲಾಸಿನಲ್ಲಿ ಅರ್ಧ ಮಾತು ತಲೆಗೆ ಹೋಗುತ್ತಿಲ್ಲ. ಜೊತೆಯವರು ನಿಮಗಿಂತ ಹತ್ತು ಹದಿನೈದು ವರ್ಷ ದೊಡ್ಡವರು, ಪಾಠ ಮುಗಿದ ತಕ್ಷಣ ಕಾರು ಹತ್ತಿ ಹೊರಟುಬಿಡುತ್ತಾರೆ. ಈ ಡಿಗ್ರಿಗೆ ಇಲ್ಲಿ ಸರ್ಕಾರಿ ಕೆಲಸ ಸಿಗುತ್ತದಾ, ಬಜೆಟ್ ಕೋರ್ಸ್ ಬಿಟ್ಟು ಲೀಡರ್‌ಶಿಪ್ ಕೋರ್ಸ್ ತಗೊಳ್ಳಲಾ ಅಂತ ಕೇಳಿದ್ದೀರಿ. ನಾನು 2004ರಲ್ಲಿ ಇದೇ ಡಿಗ್ರಿಗೆ ಬಂದವನು. ಗೊತ್ತಿರುವಷ್ಟು ಹೇಳುತ್ತೇನೆ.

ತಲೆಗೆ ಹೋಗದಿರುವುದಕ್ಕೆ ನಿಮ್ಮ ಇಂಗ್ಲಿಷ್ ಕಾರಣ ಅಲ್ಲ. ಯುಪಿಎಸ್‌ಸಿಗೆ ನಾವು ಓದಿದ್ದರಲ್ಲಿ ಸಿದ್ಧಾಂತವೇ ಜಾಸ್ತಿ. ವೆಬರ್, ಟೇಲರ್, ಹರ್ಬರ್ಟ್ ಸೈಮನ್ ಮುಂತಾದ ಚಿಂತಕರು, ಆಡಳಿತದ ಬಗ್ಗೆ ವುಡ್ರೋ ವಿಲ್ಸನ್ 1887ರಲ್ಲಿ ಬರೆದ ಆ ಲೇಖನ. ನಾನು ಓದಿದ ಕಡೆ ಅವೆಲ್ಲ ಮೂರೇ ವಾರದಲ್ಲಿ ಮುಗಿದುಹೋದವು. ಆಮೇಲೆ ಶುರುವಾಗಿದ್ದು ಊರಿನ ಲೆಕ್ಕ. ಆಸ್ತಿ ತೆರಿಗೆ ಎಷ್ಟು ಬರುತ್ತದೆ, ಪೆನ್ಷನ್ ಫಂಡ್‌ನಲ್ಲಿ ಎಷ್ಟು ಕೊರತೆ, ಒಳಚರಂಡಿಗೆ ಬಾಂಡ್ ಮಾರಬೇಕಾ ಅಥವಾ ನೀರಿನ ದರ ಏರಿಸಬೇಕಾ. ಇಲ್ಲಿ ಎಂಪಿಎ ಓದುವವರಲ್ಲಿ ತುಂಬಾ ಜನ ಆಗಲೇ ಕೆಲಸದಲ್ಲಿ ಇರುವವರು, ಬಡ್ತಿಗೆ ಬೇಕು ಅಂತ ಸಂಜೆ ಬಂದು ಓದುತ್ತಾರೆ. ನನ್ನ ಪಕ್ಕ ಕೂರುತ್ತಿದ್ದವನು ಅಗ್ನಿಶಾಮಕ ದಳದ ಕ್ಯಾಪ್ಟನ್. ಹಿಂದಿನ ಸಾಲಿನಲ್ಲಿ ಕೌಂಟಿ ಕಚೇರಿಯ ಇಬ್ಬರು ಹೆಂಗಸರು. ಅವರು ದಿನಾ ಮಾಡುವ ಕೆಲಸವೇ ಇಲ್ಲಿ ಪಾಠ. ನಮಗೆ ಆ ಕೆಲಸ ಯಾವ ಸರ್ಕಾರದ್ದು ಅನ್ನುವುದೇ ಗೊತ್ತಿಲ್ಲ.

ಕೌಂಟಿ ಅಂದರೆ ಜಿಲ್ಲೆ ಅಂತ ನಾನೂ ತಿಳಿದಿದ್ದೆ. ಮೊದಲ ಅಸೈನ್‌ಮೆಂಟ್‌ನಲ್ಲಿ, ಕೌಂಟಿಯ ಆಡಳಿತಾಧಿಕಾರಿ ಅಲ್ಲಿನ ಪೊಲೀಸ್ ಮುಖ್ಯಸ್ಥನಾದ ಶೆರಿಫ್‌ಗೂ ಖಜಾಂಚಿಗೂ ಆದೇಶ ಹೊರಡಿಸಬೇಕು ಅಂತ ಗಂಭೀರವಾಗಿ ಬರೆದುಕೊಟ್ಟೆ. ತಲೆಯಲ್ಲಿ ಇದ್ದದ್ದು ನಮ್ಮ ಡಿಸಿ. ಪ್ರೊಫೆಸರ್ ಅಂಚಿನಲ್ಲಿ ಬರೆದರು: ‘ಅವರಿಬ್ಬರನ್ನೂ ಆರಿಸಿದ್ದು ಜನ. ಇವರ ಮಾತು ಅವರು ಯಾಕೆ ಕೇಳುತ್ತಾರೆ?’ ನಿಜ ಅಲ್ವಾ? ಬಹಳಷ್ಟು ಕೌಂಟಿಗಳಲ್ಲಿ ಶೆರಿಫ್, ಖಜಾಂಚಿ, ಕ್ಲರ್ಕ್ ಎಲ್ಲರೂ ಚುನಾವಣೆಯಲ್ಲಿ ಗೆದ್ದು ಬಂದವರು. ಕೆಲವು ಕಡೆ ಅನುಮಾನಾಸ್ಪದ ಸಾವಿನ ತನಿಖೆ ಮಾಡುವ ಕೊರೋನರ್ ಕೂಡ ವೋಟಿಗೆ ನಿಲ್ಲುತ್ತಾನೆ. ಶಾಲೆಗಳಿಗೆ ಬೇರೆ ಡಿಸ್ಟ್ರಿಕ್ಟ್, ಅದಕ್ಕೆ ಬೇರೆ ಬೋರ್ಡ್, ಬಹಳ ರಾಜ್ಯಗಳಲ್ಲಿ ಬೇರೆ ತೆರಿಗೆ. ಸೊಳ್ಳೆ ಹೊಡೆಯುವುದಕ್ಕೇ ಒಂದು ಡಿಸ್ಟ್ರಿಕ್ಟ್ ಇರುವ ಊರುಗಳಿವೆ! ಇಂಥ ಸ್ಥಳೀಯ ಸರ್ಕಾರಗಳು ದೇಶದಲ್ಲಿ ಸುಮಾರು 90,000 ಇವೆ. ಯಾರ ಮೇಲೂ ಒಬ್ಬ ಡಿಸಿ ಇಲ್ಲ.

ಊರಿನ ದಿನನಿತ್ಯದ ಆಡಳಿತ ನೋಡಿಕೊಳ್ಳುವ ಸಿಟಿ ಮ್ಯಾನೇಜರ್ ಅನ್ನುವ ಹುದ್ದೆಯೂ ನಮ್ಮ ಡಿಸಿಯಂತಲ್ಲ. ವರ್ಜೀನಿಯಾದ ಸ್ಟಾಂಟನ್ ಎಂಬ ಸಣ್ಣ ಊರು 1908ರಲ್ಲಿ ಇಂಥ ಹುದ್ದೆ ಮಾಡಿತು. 1913ರ ಪ್ರವಾಹದಲ್ಲಿ ಮುಳುಗಿ ಎದ್ದ ಓಹಾಯೋದ ಡೇಟನ್ ಕೂಡ ಅದೇ ದಾರಿ ಹಿಡಿದ ಮೇಲೆ ಬೇರೆ ಊರುಗಳೂ ಅತ್ತ ತಿರುಗಿದವು. ಗೆದ್ದ ಕೌನ್ಸಿಲ್ ಅರ್ಜಿ ಕರೆದು, ಇಂಟರ್‌ವ್ಯೂ ಮಾಡಿ, ಒಬ್ಬ ಮ್ಯಾನೇಜರನ್ನು ಸಂಬಳಕ್ಕೆ ಇಟ್ಟುಕೊಳ್ಳುತ್ತದೆ. ಬೇಡ ಅನ್ನಿಸಿದರೆ ಮನೆಗೆ ಕಳಿಸುತ್ತದೆ. ಕೇಡರ್ ಇಲ್ಲ, ವರ್ಗಾವಣೆ ಇಲ್ಲ, ಬ್ಯಾಚ್‌ಮೇಟ್ ಇಲ್ಲ. ಎಂಪಿಎ ಪಠ್ಯ ಬಹಳ ಮಟ್ಟಿಗೆ ಈ ಮ್ಯಾನೇಜರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬೆಳೆದದ್ದು.

ಅದಕ್ಕೇ ಹೇಳುತ್ತೇನೆ, ನಿಮ್ಮ ಊರಿನ ಸಿಟಿ ಕೌನ್ಸಿಲ್ ಸಭೆಗೆ ಹೋಗಿ ಕೂತುಕೊಳ್ಳಿ. ಸಭೆ ಬಾಗಿಲು ತೆರೆದೇ ನಡೆಯಬೇಕು ಅಂತ ಎಲ್ಲ ರಾಜ್ಯಗಳಲ್ಲೂ ಕಾನೂನಿದೆ. ವೀಸಾ ಯಾವುದು ಅಂತ ಯಾರೂ ಕೇಳುವುದಿಲ್ಲ. ನಾನು ಹೋದ ಮೊದಲ ಸಭೆಯಲ್ಲಿ ಎರಡು ಗಂಟೆ ಚರ್ಚೆ ಆಗಿದ್ದು ಹಿತ್ತಲಲ್ಲಿ ಕೋಳಿ ಸಾಕಬಹುದಾ ಅಂತ. ಒಬ್ಬೊಬ್ಬರಿಗೂ ಮೂರು ನಿಮಿಷ. ಅಜ್ಜಿಯೊಬ್ಬರು ಬೇಲಿಯಿಂದ ಗೂಡಿಗೆ ಎಷ್ಟು ಅಡಿ ಅಂತ ಅಳತೆ ಬರೆದುಕೊಂಡು ಬಂದಿದ್ದರು. ಝೋನಿಂಗ್, ಅಂದರೆ ಯಾವ ಜಾಗದಲ್ಲಿ ಏನು ಮಾಡಬಹುದು ಅನ್ನುವ ಊರಿನ ನಿಯಮ, ಏನು ಅಂತ ನನಗೆ ಅರ್ಥ ಆಗಿದ್ದು ಅವತ್ತು.

ಈಗ ಕೆಲಸದ ಮಾತು. ಫೆಡರಲ್ ಸರ್ಕಾರವನ್ನು ಸದ್ಯಕ್ಕೆ ಮರೆತುಬಿಡಿ. 1976ರಿಂದ ಇರುವ ಅಧ್ಯಕ್ಷರ ಆದೇಶದ ಪ್ರಕಾರ ಅಲ್ಲಿನ, ಪೈಪೋಟಿಯ ಆಯ್ಕೆಯಿಂದ ತುಂಬುವ ಕಾಂಪಿಟಿಟಿವ್ ಸರ್ವೀಸ್‌ಗೆ ಸಿಟಿಜನ್ ಆಗಿರಬೇಕು, ಬಿಟ್ಟರೆ ತೀರಾ ಅಪರೂಪದ ವಿನಾಯಿತಿ. ರಾಜ್ಯ ಮತ್ತು ನಗರಗಳ ಕಥೆ ಬೇರೆ. ಸಿಟಿಜನ್ ಅಲ್ಲದವರನ್ನು ಇಡೀ ಸಿವಿಲ್ ಸರ್ವೀಸ್‌ನಿಂದಲೇ ದೂರ ಇಡುವಂತಿಲ್ಲ ಅಂತ ನ್ಯೂಯಾರ್ಕ್‌ನ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿತು. ಪೊಲೀಸ್‌ನಂಥ ಕೆಲವು ಹುದ್ದೆಗಳನ್ನು ಕಾಯ್ದಿರಿಸಬಹುದು, ಅಷ್ಟೇ. ಅಂದರೆ ಕಾನೂನು ಅಡ್ಡ ಬರುವುದು ಕಡಿಮೆ. ಅಡ್ಡ ಬರುವುದು ವೀಸಾ. ನಾನು ಇಂಟರ್ನ್ ಆಗಿದ್ದ ನಗರದ ಬಜೆಟ್ ಕಚೇರಿಯಲ್ಲಿ ನನ್ನ ಕೆಲಸ ಎಲ್ಲರಿಗೂ ಇಷ್ಟ ಆಗಿತ್ತು. ಎಚ್-1ಬಿ ವರ್ಕ್ ವೀಸಾ ಮಾಡಿಸಿಕೊಡ್ತೀರಾ ಅಂತ ಕೇಳಿದಾಗ ಎಚ್‌ಆರ್‌ನವರು ಹಾಗೆಂದರೆ ಏನು ಅಂತ ನನ್ನನ್ನೇ ಕೇಳಿದರು. ಎರಡು ತಿಂಗಳು ಓಡಾಡಿಸಿ ಆಗಲ್ಲ ಅಂದರು.

ಇನ್ನೊಂದು ಪೆಟ್ಟು ಇದೆ, ಇದನ್ನು ಬಂದ ಹೊಸದರಲ್ಲೇ ತಿಳಿದುಕೊಳ್ಳಿ. ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡುವ ಅನುಮತಿ, ಅಂದರೆ ಒಪಿಟಿ, 12 ತಿಂಗಳು. ಎಂಜಿನಿಯರಿಂಗ್ ಓದಿದ ನಿಮ್ಮ ರೂಮ್‌ಮೇಟ್‌ಗೆ ಅದರ ಮೇಲೆ ಇನ್ನೂ 24 ತಿಂಗಳು ಸಿಗುತ್ತದೆ. ಅದು ಸ್ಟೆಮ್, ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಪಟ್ಟಿಯಲ್ಲಿ ಇರುವ ಕೋರ್ಸ್‌ಗಳಿಗೆ ಮಾತ್ರ, ಪಬ್ಲಿಕ್ ಅಡ್ಮಿನಿಸ್ಟ್ರೇಷನ್‌ನ ಕೋಡ್ 44.0401 ಅದರಲ್ಲಿ ಇಲ್ಲ. ವೀಸಾಕ್ಕೆ ಯೂನಿವರ್ಸಿಟಿ ಕೊಟ್ಟ ನಿಮ್ಮ ಐ-20 ಪತ್ರದಲ್ಲಿ ಯಾವ ಕೋಡ್ ಇದೆ ಅಂತ ಇವತ್ತೇ ನೋಡಿ. ಒಪಿಟಿಯಲ್ಲಿ ಒಟ್ಟು 90 ದಿನಕ್ಕಿಂತ ಜಾಸ್ತಿ ಖಾಲಿ ಕೂರುವಂತಿಲ್ಲ. ಇಂಟರ್ನ್‌ಶಿಪ್‌ಗೆ ಸಾಮಾನ್ಯವಾಗಿ ಒಂದು ಅಕಾಡೆಮಿಕ್ ವರ್ಷ ಮುಗಿದಿರಬೇಕು, ಸಿಪಿಟಿ, ಅಂದರೆ ಓದುವಾಗಲೇ ಕೆಲಸ ಮಾಡುವ ಅನುಮತಿ, ಕೈಗೆ ಬಂದ ಮೇಲೆಯೇ ಶುರು ಮಾಡಬೇಕು. ಫುಲ್‌ಟೈಮ್ ಸಿಪಿಟಿ 12 ತಿಂಗಳು ಮುಟ್ಟಿತೋ, ಒಪಿಟಿ ಹೋಯಿತು.

ಹಾಗಾದರೆ ದಾರಿ ಎಲ್ಲಿ? ನನಗೆ ಸಿಕ್ಕಿದ್ದು ಯೂನಿವರ್ಸಿಟಿಯ ಒಳಗೇ. ಸಂಶೋಧನೆಗೆ ಬರುವ ಸರ್ಕಾರಿ ಗ್ರಾಂಟ್‌ಗಳ ಲೆಕ್ಕ ನೋಡುವ ಕಚೇರಿ. ಯೂನಿವರ್ಸಿಟಿಗಳಿಗೆ, ಅವುಗಳ ಜೊತೆ ಸೇರಿಕೊಂಡ ಲಾಭರಹಿತ ಸಂಸ್ಥೆಗಳಿಗೆ ಎಚ್-1ಬಿ ಲಾಟರಿಯ ಕಾಟ ಇಲ್ಲ, ವರ್ಷಕ್ಕೆ ಇಷ್ಟೇ ಅನ್ನುವ ಮಿತಿ ಅವಕ್ಕೆ ಅನ್ವಯಿಸುವುದಿಲ್ಲ. ಮಾಮೂಲಿ ನಗರಸಭೆಗಳಿಗೆ ಆ ವಿನಾಯಿತಿ ಇಲ್ಲ. ಹೊಸಬರಿಗೆ ಇದು ಗೊತ್ತೇ ಇರುವುದಿಲ್ಲ, ಸುಮ್ನೆ ನೂರು ಕಡೆ ಅರ್ಜಿ ಹಾಕಿ ಸೋತುಹೋಗುತ್ತಾರೆ. ಅಲ್ಲಿ ಹನ್ನೆರಡು ವರ್ಷ ಇದ್ದೆ. ಗ್ರೀನ್ ಕಾರ್ಡ್ ಬಂದ ಮೇಲೆ ಒಂದು ನಗರದ ಹಣಕಾಸು ಇಲಾಖೆಗೆ ಬಂದೆ. ಭಾರತದಲ್ಲಿ ಹುಟ್ಟಿದವರಿಗೆ ಆ ಸಾಲು ಎಷ್ಟು ಉದ್ದ ಅಂತ ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ, ಬಿಡಿ.

ಮರೆಯುವ ಮೊದಲು ಒಂದು ಮಾತು. ಕ್ಯಾಂಪಸ್‌ನಲ್ಲಿ ಮೇಜು ಹಾಕಿಕೊಂಡು ‘ವೋಟರ್ ಆಗಿ ಹೆಸರು ನೋಂದಾಯಿಸಿ’ ಅಂತ ನಗುನಗುತ್ತಾ ಕರೆಯುತ್ತಾರೆ. ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲೂ ಅದೇ ಪ್ರಶ್ನೆ ಬರುತ್ತದೆ. ಬೇಡ ಅನ್ನಿ. ಸಿಟಿಜನ್ ಅಂತ ತಪ್ಪಾಗಿ ಟಿಕ್ ಮಾಡಿದರೆ ದೇಶ ಬಿಡಬೇಕಾಗಿ ಬರಬಹುದು. ನಾವು ಓದುವ ವಿಷಯ ಏನು ಅಂತ ನೆನೆಸಿಕೊಂಡರೆ ನಗು ಬರುತ್ತದೆ. ಊರು ನಡೆಸುವ ವಿದ್ಯೆ ಕಲಿಯುತ್ತೇವೆ, ಆ ಊರಿನಲ್ಲಿ ವೋಟು ಮಾತ್ರ ಇಲ್ಲ.

ಜೊತೆಯವರು ಮಾತಾಡಿಸುವುದಿಲ್ಲ ಅಂದಿರಲ್ಲ. ಅವರಿಗೆ ಮನೆಯಲ್ಲಿ ಮಕ್ಕಳು, ಬೆಳಗ್ಗೆ ಡ್ಯೂಟಿ. ನೀವೇ ಅವರ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳಿ ನೋಡಿ, ನಿಲ್ಲಿಸುವುದೇ ಇಲ್ಲ. ಆ ಕ್ಯಾಪ್ಟನ್‌ಗೆ ನಾನು ಸ್ಟಾಟಿಸ್ಟಿಕ್ಸ್ ಹೇಳಿಕೊಡುತ್ತಿದ್ದೆ. ಬಸ್ಸು ತಪ್ಪಿದ ರಾತ್ರಿಗಳಲ್ಲಿ ಅವನು ನನ್ನನ್ನು ಮನೆಗೆ ಬಿಡುತ್ತಿದ್ದ. ದಾರಿಯುದ್ದಕ್ಕೂ ಪೆನ್ಷನ್ ಫಂಡ್ ಬಗ್ಗೆ ಬೈಗುಳ. ನನಗೆ ಅದೇ ಟ್ಯೂಷನ್.

ಇನ್ನು ಬಜೆಟ್ ಕೋರ್ಸ್. ಬಿಡಬೇಡಿ. ಲೀಡರ್‌ಶಿಪ್ ಕ್ಲಾಸಿನಲ್ಲಿ ಒಳ್ಳೆಯ ಮಾತು ಕೇಳುತ್ತೀರಿ, ಆದರೆ ಇಪ್ಪತ್ತು ವರ್ಷ ಇಲ್ಲೇ ಬೆಳೆದವರ ಎದುರು ಇಂಟರ್‌ವ್ಯೂನಲ್ಲಿ ಅದು ನಿಮ್ಮನ್ನು ಕಾಯುವುದಿಲ್ಲ. ಎಕ್ಸೆಲ್‌ನಲ್ಲಿ ಒಂದು ಊರಿನ ಐದು ವರ್ಷದ ಆದಾಯ ಖರ್ಚು ಕೂಡಿಸಿ ಕಳೆದು ತೋರಿಸಬಲ್ಲವರನ್ನು ಕೆಲಸ ಕೊಡುವವರು ಮತ್ತೊಮ್ಮೆ ಕರೆಯುತ್ತಾರೆ. ಒಂದೊಂದು ಉದ್ದೇಶದ ಹಣಕ್ಕೆ ಬೇರೆ ಬೇರೆ ಲೆಕ್ಕ ಇಡುವ ಫಂಡ್ ಅಕೌಂಟಿಂಗ್ ಮೊದಲ ತಿಂಗಳು ಎಲ್ಲರಿಗೂ ಕಬ್ಬಿಣದ ಕಡಲೆಯೇ. ಫೆಡರಲ್ ಸರ್ಕಾರದ ಬಜೆಟ್ ವರ್ಷ ಅಕ್ಟೋಬರ್ 1ಕ್ಕೆ, ಬಹುತೇಕ ರಾಜ್ಯಗಳದ್ದು ಜುಲೈ 1ಕ್ಕೆ ಶುರು ಅನ್ನುವುದೇ ನನಗೆ ಮಿಡ್‌ಟರ್ಮ್ ತನಕ ತಲೆಯಲ್ಲಿ ನಿಂತಿರಲಿಲ್ಲ. ನಿಮ್ಮ ಊರಿನ ಬಜೆಟ್ ಪುಸ್ತಕ ನಗರದ ವೆಬ್‌ಸೈಟ್‌ನಲ್ಲಿ ಇರುತ್ತದೆ, ಇಳಿಸಿಕೊಳ್ಳಿ. ಮೊದಲು ಊರಿನ ಮಾಮೂಲಿ ಖರ್ಚಿನ ಹಣ ಇರುವ ಜನರಲ್ ಫಂಡ್ ಪುಟ ತೆಗೆಯಿರಿ. ಅರ್ಥ ಆಗದ ಸಾಲಿಗೆ ಗುರುತು ಹಾಕಿ, ಮುಂದಿನ ಕ್ಲಾಸಿಗೆ ಹತ್ತು ನಿಮಿಷ ಮೊದಲೇ ಹೋಗಿ ನಿಮ್ಮ ಜೊತೆಯವರನ್ನು ಕೇಳಿ.